ರೇಟಕ್ಕನಿಗೆ ಹೇಳುವ ರೇಟು

ಪೇಟೆಬೀದಿಯವರು ಅವಳನ್ನು ಕರೆಯುವುದು ರೇಟಕ್ಕ ಎಂದು. ಹೆಸರಿಟ್ಟವನು ಮೂಲೆಯ ಕ್ಷೌರದಂಗಡಿಯವನು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಅವನ ಬಾಗಿಲಲ್ಲಿ ನಿಂತು, ಕನ್ನಡಿಯೊಳಗಿಂದ ನೋಡುತ್ತಿದ್ದ ಸೋಪುನೊರೆಯ ಮುಖಗಳಿಗೆ ಅಂಜದೆ, ಗಂಡಸರ ಕಟಿಂಗಿಗೆ ಎಷ್ಟು ಎಂದು ಕೇಳಿ, ಬರೆದುಕೊಂಡು, ಹೊರಟುಹೋಗಿದ್ದಳು. ಮುಂದಿನ ತಿಂಗಳು ಅದೇ ವಾರ, ಅದೇ ಹೊತ್ತಿಗೆ ಬಂದು ಮತ್ತೆ ಅದನ್ನೇ ಕೇಳಿದಳು. ಮೂರನೆಯ ತಿಂಗಳು ಅವನು ಬೆಂಚಿನಲ್ಲಿ ಕೂತವರಿಗೆ, "ಸ್ವಲ್ಪ ಸರೀರಪ್ಪ, ನಮ್ಮ ರೇಟಕ್ಕ ಬಂದ್ರು" ಎಂದ. ಹೆಸರು ಬೀದಿಯ ಆ ತುದಿ ಮುಟ್ಟಲು ಅರ್ಧ ದಿನವೂ ಹಿಡಿಯಲಿಲ್ಲ.

ಬೆಲೆ ಕೇಳುವುದೇ ಅವಳ ಉದ್ಯೋಗ. ಅಂಕಿಅಂಶ ಕಚೇರಿಯ ಪರವಾಗಿ ಪ್ರತಿ ತಿಂಗಳ ಮೊದಲ ವಾರ ಗೊತ್ತುಮಾಡಿದ ನಲವತ್ತೆರಡು ಅಂಗಡಿಗಳಿಗೆ ಹೋಗಬೇಕು, ಗೊತ್ತುಮಾಡಿದ ಸಾಮಾನನ್ನೇ ಕೇಳಬೇಕು. ಅಕ್ಕಿ ಎಂದರೆ ಕಣ್ಣಿಗೆ ಬಿದ್ದ ಅಕ್ಕಿಯಲ್ಲ. ಎಡಗಡೆಯ ಎರಡನೆಯ ಚೀಲದ್ದು, ಮಧ್ಯಮ ಕಾಳಿನದು, ಚಿಲ್ಲರೆಗೆ ಒಂದು ಕಿಲೋ. ಆ ಉತ್ತರಗಳೆಲ್ಲ ಮುಖ್ಯ ಕಚೇರಿಗೆ ಹೋಗಿ, ಕೂಡಿ ಭಾಗಿಸಿ, ಈ ಪ್ರಾಂತ್ಯದಲ್ಲಿ ಬದುಕು ಹೋದ ವರ್ಷಕ್ಕಿಂತ ನೂರಕ್ಕೆ ಎಷ್ಟು ತುಟ್ಟಿಯಾಯಿತು ಎಂಬ ಒಂದೇ ಅಂಕಿಯಾಗಿ ಹೊರಬೀಳುತ್ತಿದ್ದವು. ಅದನ್ನು ನೋಡಿಕೊಂಡೇ ನೌಕರರಿಗೆ ತುಟ್ಟಿಭತ್ಯೆ, ಮುದುಕರಿಗೆ ಪಿಂಚಣಿ. ಪ್ರಾಂತ್ಯದಲ್ಲಿ ದೊಡ್ಡ ಊರು ಇದೊಂದೇ ಆದ್ದರಿಂದ ಅವಳ ಬೀದಿಯ ಬೆಲೆಗಳಿಗೇ ಹೆಚ್ಚು ತೂಕ.

ಕೆಲಸಕ್ಕೆ ಸೇರಿದಾಗ ಕೊಟ್ಟ ಪುಸ್ತಕದ ಮೊದಲ ಪುಟದಲ್ಲೇ ಇತ್ತು: ಬೆಲೆ ಕೇಳಿ, ಬರೆದುಕೊಳ್ಳಿ, ಏರಿದರೆ ಏನಾಗುತ್ತದೆ, ಇಳಿದರೆ ಏನಾಗುತ್ತದೆ ಎಂಬ ಮಾತನ್ನು ಅಂಗಡಿಯವರೊಡನೆ ಆಡಬೇಡಿ. ಅದರ ಜೊತೆಗೆ ಅವಳು ತನಗೆ ತಾನೇ ಇನ್ನೊಂದು ನಿಯಮ ಹಾಕಿಕೊಂಡಿದ್ದಳು. ಬೆಲೆ ಕೇಳುವ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳುವುದಿಲ್ಲ. ಕೊಂಡರೆ ಸಲಿಗೆ, ಸಲಿಗೆ ಬಂದರೆ ರಿಯಾಯಿತಿ, ರಿಯಾಯಿತಿ ಬಂದರೆ ಬರೆಯುವ ಕೈ ನಡುಗುತ್ತದೆ ಎಂಬುದು ಅವಳ ಅಂಬೋಣ. ಹೀಗಾಗಿ ಮನೆಯ ದಿನಸಿಯೆಲ್ಲ ಬಸ್ಸಿನಲ್ಲಿ ಎರಡು ಸ್ಟಾಪು ಆಚೆ, ಮನೆಯ ತಿರುವಿನ ಅಂಗಡಿಯಿಂದ ಬರುತ್ತಿತ್ತು. ಆ ಅಂಗಡಿಯವನೊಡನೆ ಈಚೆಗೆ ಅವಳದ್ದು ದಿನಾ ಜಟಾಪಟಿ. ಪೇಟೆಬೀದಿಯಲ್ಲಿ ಐವತ್ತೆರಡಕ್ಕೆ ಸಿಗುವ ಅಕ್ಕಿಗೆ ನೀನು ಐವತ್ತೆಂಟು ಕೀಳ್ತೀಯಲ್ಲ ಎಂದರೆ ಅವನು ತಕ್ಕಡಿಯಿಂದ ಕಣ್ಣೆತ್ತದೆ, ಹಾಗಾದ್ರೆ ಅಲ್ಲೇ ತಗೊಳ್ಳಿ ಎನ್ನುತ್ತಿದ್ದ.

ಆ ಸೋಮವಾರ ಕಚೇರಿಯಿಂದ ಫೋನು ಬಂದಾಗ ಅವಳು ಮೊಮ್ಮಗುವಿನ ಬಾಟಲಿಗಳನ್ನು ಕುದಿಸುತ್ತಿದ್ದಳು. ಮಗು ಎಂಟು ತಿಂಗಳದ್ದು. ಹಿಂದಿನ ದಿನ ಜ್ವರ ಬಂದು ಇಳಿದಿತ್ತು. ಇಳಿದಿದೆಯೋ ಇಲ್ಲವೋ ಎಂದು ಮಗಳು ಕಾಲು ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದಳು. ಫೋನಿನಲ್ಲಿ ಮಾತಾಡಿದ ಗುಮಾಸ್ತ ಸುತ್ತು ಬಳಸಲಿಲ್ಲ. ಐದು ಪ್ರಾಂತ್ಯಗಳ ಪಟ್ಟಿ ಬಂದಿದೆ. ಉತ್ತರದ್ದು ನೂರಕ್ಕೆ ಹತ್ತು, ಕರಾವಳಿಯದ್ದು ಹನ್ನೊಂದು, ಉಳಿದೆರಡೂ ಒಂಬತ್ತರ ಮೇಲೆ. ನಮ್ಮದೊಂದೇ ನಾಲ್ಕು. ಮೇಲಿನವರು ಕೇಳುತ್ತಿದ್ದಾರೆ, ಒಂದೇ ರಸ್ತೆ, ಒಂದೇ ಲಾರಿ, ಒಂದೇ ಡೀಸೆಲ್ಲು, ನಿಮ್ಮಲ್ಲಿ ಮಾತ್ರ ಅಗ್ಗವಾಗುವುದಕ್ಕೆ ಅದೇನು ಸ್ವರ್ಗವೇ ಅಂತ. ನಾಳೆ ತಪಾಸಣೆಗೆ ಒಬ್ಬರು ಬರುತ್ತಾರೆ. ನಿಮ್ಮ ಜೊತೆ ಬೀದಿ ಸುತ್ತುತ್ತಾರೆ.

"ಅಂಕಿ ತಾಳೆಯಾಗದಿದ್ರೆ?" ಎಂದಳು ರೇಟಕ್ಕ.

ಮನೆಯಲ್ಲಿ ಕೂತು ಫಾರಂ ತುಂಬುವವರನ್ನು ಪಟ್ಟಿಯಿಂದ ತೆಗೀತಾರೆ, ನಿಮಗೆ ಗೊತ್ತಿಲ್ಲದ್ದೇನಲ್ಲ ಎಂದ ಗುಮಾಸ್ತ.

ಬಾಟಲಿಯ ನೀರು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಅಂಕಿಯನ್ನೂ ಊಹೆಯ ಮೇಲೆ ಬರೆದವಳಲ್ಲ. ಗಂಡ ತೀರಿಕೊಂಡ ತಿಂಗಳು ಮಾತ್ರ ಎರಡು ದಿನ ತಡವಾಗಿತ್ತು. ಅದನ್ನೂ ಹಾಗೇ ಬರೆದಿದ್ದಳು. ಈಗ ಮನೆಯಲ್ಲಿ ಕೂತು ತುಂಬಿದವಳು ಎನ್ನುವ ಮಾತು ಕಿವಿಯೊಳಗೆ ಹೊಕ್ಕು ಕೂತುಬಿಟ್ಟಿತು.

ಮಗಳು ಶಾಲೆಯೊಂದರಲ್ಲಿ ಗುಮಾಸ್ತೆ. ಈ ಸಲದ ತುಟ್ಟಿಭತ್ಯೆ ಕೈಗೆ ಹತ್ತದಷ್ಟು ಬಂದಾಗಿನಿಂದ ಅವಳ ನಾಲಿಗೆ ಹರಿತವಾಗಿತ್ತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪಕ್ಕದ ಪ್ರಾಂತ್ಯದವರಿಗೆ ಹನ್ನೊಂದು, ನಮಗೆ ನಾಲ್ಕು. ಆ ನಾಲ್ಕು ಬರೆದ ಕೈ ಯಾವುದು ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹುಡುಕ್ತಾ ಇದ್ದಾರಮ್ಮಾ. ನಾನು ಬಾಯಿ ಮುಚ್ಚಿಕೊಂಡಿದ್ದೀನಿ" ಎಂದಳು. ಹೇಳಿದ ಮೇಲೆ ತನಗೇ ಕೆಡುಕೆನಿಸಿತೋ ಏನೋ, ಅಮ್ಮನ ಕೈಯಿಂದ ಇಕ್ಕಳ ತೆಗೆದುಕೊಂಡು ಬಾಟಲಿಗಳನ್ನು ತಾನೇ ಎತ್ತಿಟ್ಟಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅಧಿಕಾರಿ ಬಂದ. ಮೂವತ್ತರ ಆಸುಪಾಸು, ಕುತ್ತಿಗೆಯ ಮೇಲೆ ಕೂದಲು ಬೆಳೆದಿತ್ತು, ಜೇಬಿನಲ್ಲಿ ಎರಡು ಪೆನ್ನು. ಅವಳನ್ನು ಮೇಡಂ ಎಂದು ಕರೆದ. ಆ ಮರ್ಯಾದೆಯಲ್ಲೇ ಅವಳಿಗೆ ಚಳಿ ಹತ್ತಿತು. ನೀವು ಎಂದಿನ ಹಾಗೆ ಕೇಳ್ತಾ ಹೋಗಿ, ನಾನು ಮಧ್ಯೆ ಬಾಯಿ ಹಾಕಲ್ಲ ಎಂದು ಎರಡು ಹೆಜ್ಜೆ ಹಿಂದೆ ಬಿದ್ದ.

ಮೊದಲು ದಿನಸಿ ಅಂಗಡಿ. ಒಡೆಯನಿಗೆ ಅವಳಷ್ಟೇ ವಯಸ್ಸು, ಆದರೂ ಬಾಯಿತುಂಬ ಅಕ್ಕ ಎನ್ನುತ್ತಿದ್ದ. ಅವಳು ಬಂದೊಡನೆ ಗಲ್ಲಾದ ಪಕ್ಕದ ಎಣ್ಣೆಡಬ್ಬದ ಮೇಲೆ ಗೋಣಿಚೀಲ ಮಡಚಿ ಹಾಕುವುದು ಅವನ ರೂಢಿ. ಅವಳ ಮೊಣಕಾಲು ನೋವಿನ ಸಂಗತಿ ಅವನಿಗೆ ಗೊತ್ತು. ಇವತ್ತು ಅವಳು ಕೂರಲಿಲ್ಲ. ಎರಡನೆಯ ಚೀಲದ ಅಕ್ಕಿ ಎಂದಳು. ಅವನು ಅವಳ ಹಿಂದಿದ್ದವನನ್ನೊಮ್ಮೆ, ಜೇಬಿನ ಪೆನ್ನುಗಳನ್ನೊಮ್ಮೆ ನೋಡಿ, ಐವತ್ತನಾಲ್ಕು ಅಕ್ಕ ಎಂದ. ಬೇಳೆ, ಸಕ್ಕರೆ, ಬಿಡಿ ಎಣ್ಣೆ. ಹೋದ ತಿಂಗಳಿಗೂ ಈ ತಿಂಗಳಿಗೂ ಒಂದೋ ಎರಡೋ ಹೆಚ್ಚು. ಕಚೇರಿ ಕೊಟ್ಟ ಟ್ಯಾಬಿನಲ್ಲಿ ಬೆಲೆ ತುಂಬುವ ಮನೆಗಳೆಲ್ಲ ಹಸಿರಾಗಿಯೇ ಉಳಿದವು.

ತರಕಾರಿಯವಳು, ಬಟ್ಟೆ ಹೊಲಿಯುವವನು, ಕ್ಷೌರದಂಗಡಿಯವನು, ಎಲ್ಲೂ ಹಾಗೆಯೇ. ಅಂಕಿಗಳು ಅವಳ ಹಳೆಯ ಅಂಕಿಗಳಿಗೆ ತಾಳೆಯಾಗುತ್ತಿದ್ದವು; ಎದೆಯ ಮೇಲಿನ ಕಲ್ಲು ಸರಿಯಬೇಕಿತ್ತು. ಆದರೆ ಏನೋ ಒಂದು ಕಿರಿಕಿರಿ. ಟೈಲರು ಅವಳು ಪ್ಯಾಂಟಿನ ಕೂಲಿ ಎನ್ನುವುದರೊಳಗೇ ಉತ್ತರ ಹೇಳಿಬಿಟ್ಟಿದ್ದ. ಬೆಲೆ ಕೇಳಿದರೆ ಯಾರೇ ಆದರೂ ಒಂದು ಗಳಿಗೆ ಸಾಮಾನಿನ ಕಡೆ ನೋಡುತ್ತಾರೆ. ಇವರು ಅವಳ ಮುಖ ನೋಡಿ ಹೇಳುತ್ತಿದ್ದರು. ಕ್ಷೌರದಂಗಡಿಯವನಂತೂ ಕಟಿಂಗಿಗೆ ಎಂಬತ್ತು ಎಂದವನೇ, ಅಧಿಕಾರಿ ಬೆನ್ನು ತಿರುಗಿಸಿದ್ದಾಗ ಅವಳಿಗೆ ಕಣ್ಣು ಹೊಡೆದ. ಹತ್ತೊಂಬತ್ತು ವರ್ಷದಲ್ಲಿ ಆ ಬೀದಿಯ ಯಾವ ಗಂಡಸೂ ಅವಳಿಗೆ ಕಣ್ಣು ಹೊಡೆದಿರಲಿಲ್ಲ.

ಹನ್ನೊಂದೂವರೆಗೆ ಅಧಿಕಾರಿ, ನೀವು ಟೀ ಕುಡೀತಾ ಇರಿ ಮೇಡಂ, ನನಗೆ ಒಂದೆರಡು ಸಾಮಾನು ಬೇಕು ಎಂದು ಹೇಳಿ ಹೋದ. ಟೀ ಅಂಗಡಿಯ ಬೆಂಚಿನಲ್ಲಿ ಕೂತವಳು ಗ್ಲಾಸು ಆರುವವರೆಗೂ ಮುಟ್ಟಲಿಲ್ಲ. ಸಾಮಾನು ತರಲು ಇಷ್ಟು ಹೊತ್ತೇ? ಮಗುವಿಗೆ ಮತ್ತೆ ಮೈ ಕಾದಿದೆಯೇನೋ, ಮಗಳ ಫೋನು ಬರಲಿಲ್ಲವಲ್ಲ ಎಂದು ಬೇರೆ ಚಿಂತೆಗೆ ಜಾರಿದಳು. ಎಷ್ಟಾದರೂ ಆ ಚಿಂತೆ ಪಳಗಿದ್ದು.

ಅವನು ಮುಕ್ಕಾಲು ಗಂಟೆ ಬಿಟ್ಟು ಬಂದ. ಜೇಬಿನಲ್ಲಿ ಪೆನ್ನಿರಲಿಲ್ಲ. ಕುತ್ತಿಗೆಯ ಮೇಲಿನ ಕೂದಲೂ ಇರಲಿಲ್ಲ. ಮೈಯಿಂದ ಪೌಡರಿನ ವಾಸನೆ ಹೊಡೆಯುತ್ತಿತ್ತು. ಕೈಯಲ್ಲಿ ಎರಡು ಪೊಟ್ಟಣ. ಅವನ್ನು ಬೆಂಚಿನ ಮೇಲೆ, ಅವಳ ಗ್ಲಾಸಿನ ಪಕ್ಕ ಇಟ್ಟ.

"ಎರಡನೇ ಚೀಲದ ಅಕ್ಕಿ, ಒಂದು ಕಿಲೋ, ಐವತ್ತೆಂಟು. ದಿನಸಿಯವರ ಮಗ ಕೊಟ್ಟ. ಈರುಳ್ಳಿಗೆ ಆರು ಜಾಸ್ತಿ, ಅದನ್ನ ಬೇರೆಯವರ ಕೈಲಿ ತರಿಸಿದೆ. ಕಟಿಂಗಿಗೆ ಕ್ಷೌರದಂಗಡಿಯವನ ತಮ್ಮ ತೊಂಬತ್ತು ತಗೊಂಡ" ಎಂದ. "ನಿಮಗೊಂದು ರೇಟು, ಊರಿಗೊಂದು ರೇಟು. ಇದಕ್ಕೆ ನಿಮಗೇನು ಸಿಗುತ್ತೆ ಮೇಡಂ?"

ಅವಳು ನನಗೆ ಗೊತ್ತಿಲ್ಲ ಎನ್ನಲು ಹೋದಳು. ಗೊತ್ತಿಲ್ಲ ಎಂಬ ಮಾತು ಎಷ್ಟು ಪೊಳ್ಳಾಗಿ ಕೇಳಿಸುತ್ತದೆ ಎಂದು ನಾಲಿಗೆಯ ಮೇಲಿದ್ದಾಗಲೇ ತಿಳಿಯಿತು. ಐವತ್ತೆಂಟು. ಮನೆಯ ತಿರುವಿನವನು ಹೇಳಿದ್ದೂ ಅಷ್ಟೇ. ಅವನೊಡನೆ ತಿಂಗಳಾನುಗಟ್ಟಲೆ ಜಗಳವಾಡಿದ್ದಳು. ಊರಿನಲ್ಲೆಲ್ಲ ತುಟ್ಟಿ, ಅವಳ ಫಾರಮಿನಲ್ಲಿ ಮಾತ್ರ ಅಗ್ಗ.

"ನನ್ನ ಜೊತೆ ಬನ್ನಿ ಸಾರ್. ನೀವು ಬಾಗಿಲ ಹೊರಗೆ ನಿಂತಿರಿ. ನಾನು ಕೇಳ್ತೀನಿ."

ದಿನಸಿಯವನು ಗಲ್ಲಾದಲ್ಲಿ ಒಬ್ಬನೇ ಇದ್ದ. ಅವಳನ್ನು ಕಂಡದ್ದೇ ಗೋಣಿಚೀಲ ಮಡಚಿ ಡಬ್ಬದ ಮೇಲೆ ಹಾಸಿ, ಪರೀಕ್ಷೆ ಪಾಸಾಯ್ತಾ ಅಕ್ಕ ಎಂದು ನಕ್ಕ. ಅವಳು ನಿಂತೇ ಕೇಳಿದಳು. ಐವತ್ತೆಂಟರ ಅಕ್ಕಿಯನ್ನು ನನಗೆ ಐವತ್ತನಾಲ್ಕು ಅಂತ ಎಷ್ಟು ದಿನದಿಂದ ಹೇಳ್ತಿದ್ದೀಯ?

ಅವನ ನಗು ನಿಂತಿತು. ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒರೆಸಿದ. ಮತ್ತೂ ಒರೆಸಿದ.

"ನೀವೇ ಹೇಳಿದ್ರಲ್ಲ ಅಕ್ಕ."

"ನಾನಾ?"

"ಹೋದ ವರ್ಷ ಎಣ್ಣೆ ಒಂದೇ ಏಟಿಗೆ ಏರಿತ್ತಲ್ಲ, ಆಗ. ಇಲ್ಲೇ ಕೂತಿದ್ರಿ, ಈ ಡಬ್ಬದ ಮೇಲೆ. ಕಾಲು ಊದಿ ಕುಂಬಳಕಾಯಿ ಆಗಿತ್ತು. ಏರಿಸೋದಾದ್ರೆ ನಿಧಾನಕ್ಕೆ ಏರಿಸ್ರಪ್ಪಾ, ನೀವು ಏರಿಸಿದಾಗಲೆಲ್ಲ ಶಿಕ್ಷೆ ನನಗೆ ಅಂದ್ರಿ."

ಅವಳಿಗೆ ನೆನಪಿತ್ತು. ಒಂದು ತಿಂಗಳಲ್ಲಿ ಬೆಲೆ ನೂರಕ್ಕೆ ಹತ್ತರ ಮೇಲೆ ಏರಿದರೆ ಟ್ಯಾಬಿನಲ್ಲಿ ಆ ಮನೆ ಕೆಂಪಾಗುತ್ತದೆ. ಕೆಂಪಾದರೆ ಕಾರಣ ಬರೆಯಬೇಕು, ಮೂರು ದಿನ ಮೂರು ಸಲ ಅದೇ ಅಂಗಡಿಗೆ ಹೋಗಿ ಖಚಿತಪಡಿಸಬೇಕು. ಆ ತಿಂಗಳು ಅರ್ಧ ಬೀದಿ ಕೆಂಪಾಗಿತ್ತು. ಬಿಸಿಲಿನಲ್ಲಿ ಮೂರನೆಯ ಸುತ್ತು ಮುಗಿಸಿ ಇಲ್ಲಿ ಕುಸಿದು ಕೂತು, ನಗುತ್ತಲೇ ಆಡಿದ ಮಾತು ಅದು. ಒಂದೇ ಮಾತು. ಪುಸ್ತಕದ ಮೊದಲ ಪುಟವೇ ಆಡಬೇಡಿ ಎಂದದ್ದು.

ಅವನು ಉಳಿದದ್ದನ್ನು ತಡವರಿಸುತ್ತ ಹೇಳಿದ. ಆ ಸಂಜೆ ಕ್ಷೌರದಂಗಡಿಯಲ್ಲಿ ಮಾತು ಬಂತಂತೆ. ಮಳೆಯೆನ್ನದೆ ಬಿಸಿಲೆನ್ನದೆ ಬರುವ ಹೆಂಗಸು, ಯಾರ ಅಂಗಡಿಯಲ್ಲೂ ಒಂದು ಕಡ್ಡಿ ಮುಟ್ಟಿದವಳಲ್ಲ, ಅವಳನ್ನು ಹೀಗೆ ಅಲೆಸುವುದೇ ಎಂದು ಎಲ್ಲರಿಗೂ ಅನಿಸಿತಂತೆ. ಏರಿದ್ದು ಎಷ್ಟೇ ಇರಲಿ, ರೇಟಕ್ಕನಿಗೆ ಹೇಳುವಾಗ ಒಂದೆರಡೇ ಏರಿಸೋಣ ಎಂದು ಗೊತ್ತುಮಾಡಿಕೊಂಡರಂತೆ. ಇವತ್ತು ಜೊತೆಗೆ ಅಧಿಕಾರಿ ಇದ್ದದ್ದು ನೋಡಿ, ಅಕ್ಕನಿಗೆ ಏನೋ ಕುತ್ತು ಬಂದಿದೆ ಎಂದು ಇನ್ನೂ ಗಟ್ಟಿಯಾಗಿ ಹೇಳಿದರಂತೆ.

"ಒಂದು ಕಾಗದದಲ್ಲಿ ನಾಲ್ಕು ಕಡಿಮೆ ಬರೆದ್ರೆ ಯಾರ ಗಂಟು ಹೋಗುತ್ತೆ ಅಂದ್ಕೊಂಡ್ವಿ ಅಕ್ಕ."

ಅವಳು ಆಗ ಡಬ್ಬದ ಮೇಲೆ ಕೂತಳು. ಯಾರ ಗಂಟು ಎಂಬುದನ್ನು ಮೆಲ್ಲಗೆ, ಒಂದೊಂದಾಗಿ ಹೇಳಿದಳು. ನಿನ್ನ ಹೆಂಡತಿಯ ಅಣ್ಣ ಪಿಂಚಣಿದಾರ; ಈ ಸಲ ಏರಿದ್ದು ಟೀ ಖರ್ಚಿಗೂ ಸಾಲದು ಎಂದು ಇದೇ ಗಲ್ಲಾದ ಮುಂದೆ ಸರಕಾರಕ್ಕೆ ಹಿಡಿಶಾಪ ಹಾಕಿದ್ದನಲ್ಲ. ಟೈಲರಿನ ಸೊಸೆ ಆಸ್ಪತ್ರೆಯ ದಾದಿ. ನನ್ನ ಮಗಳು. ಈ ಪ್ರಾಂತ್ಯದಲ್ಲಿ ಸಂಬಳ ತಗೊಂಡು ನಿನ್ನಂಥವರ ಅಂಗಡಿಗೆ ಬರೋ ಎಲ್ಲರದ್ದೂ. ಅವನು ಕೇಳುತ್ತ ಕೇಳುತ್ತ ತಕ್ಕಡಿಯನ್ನು ಹಿಡಿದುಕೊಂಡು ನಿಂತುಬಿಟ್ಟ.

ಅಧಿಕಾರಿ ಒಳಗೆ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಬೆಳಗಿನ ಬಿಗುವು ಇರಲಿಲ್ಲ. ಆದರೆ ಚೀಲದಿಂದ ತೆಗೆದದ್ದು ಅಚ್ಚುಹಾಕಿದ ಹಾಳೆ. ವರದಿಯಲ್ಲಿ ಕಾರಣ ತೋರಿಸಲೇಬೇಕು ಎಂದ. ಮೇಡಂ, ಅಂಗಡಿಯವರು ಉದ್ದೇಶಪೂರ್ವಕ ತಪ್ಪು ಬೆಲೆ ಕೊಟ್ಟರು ಅಂತ ನೀವು ಸಹಿ ಹಾಕಿದರೆ ಸಾಕು, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ. ನಾನೇ ನಿಂತು ನೋಡಿಕೊಳ್ಳುತ್ತೇನೆ. ಇವರಿಗೆ ನೋಟೀಸು ಹೋಗುತ್ತದೆ, ದಂಡ ಬೀಳುತ್ತದೆ, ಒಂದೆರಡು ವಾರ ಅಂಗಡಿ ಮುಚ್ಚಿಸಬಹುದು. ಅಷ್ಟೇ.

ಅಷ್ಟೇ ಎನ್ನುವಾಗ ಅವನು ದಿನಸಿಯವನ ಕಡೆ ನೋಡಲಿಲ್ಲ. ದಿನಸಿಯವನೂ ಯಾರ ಕಡೆಯೂ ನೋಡಲಿಲ್ಲ. "ಹಾಕಿ ಅಕ್ಕ. ನಮ್ಮದೇನು, ತಡ್ಕೋತೀವಿ" ಎಂದ, ನೆಲಕ್ಕೆ ಹೇಳುವಂತೆ.

ಪೆನ್ನು ಅವಳ ಕೈಗೆ ಬಂತು. ಮನೆ ಬಾಡಿಗೆ, ಮಗುವಿನ ಹಾಲಿನ ಪುಡಿ, ಅಳಿಯನ ಆಗೊಮ್ಮೆ ಈಗೊಮ್ಮೆ ಸಿಗುವ ಕೆಲಸ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಸಹಿ ಹಾಕಿದರೆ ಸುಳ್ಳೂ ಅಲ್ಲ. ಬೆಲೆ ತಪ್ಪು ಹೇಳಿದವರು ಅವರೇ ತಾನೆ? ಆದರೆ ಹಾಳೆಯಲ್ಲಿ ಒಂದು ಖಾಲಿ ಮನೆ ಇತ್ತು, ಮೇಲೆ ಅಚ್ಚಾಗಿತ್ತು: ಕಾರಣ ಬರೆಯಿರಿ. ಎಷ್ಟೋ ನೂರು ಸಲ ಅವಳು ತುಂಬಿದ ಮನೆ ಅದು. ಈರುಳ್ಳಿ ಏಕೆ ಏರಿತು, ಲಾರಿ ಮುಷ್ಕರ. ಸಕ್ಕರೆ ಏಕೆ ಏರಿತು, ದಾಸ್ತಾನು ಇಲ್ಲ. ಒಂದು ಸಲವೂ ಅರ್ಧ ಕಾರಣ ಬರೆದವಳಲ್ಲ.

ತೊಡೆಯ ಮೇಲೆ ಟ್ಯಾಬು ಇಟ್ಟು, ಅದರ ಮೇಲೆ ಹಾಳೆ ಹರಡಿ, ದುಂಡಗೆ ಬರೆದಳು. ಬೆಲೆ ಏರಿದರೆ ನನಗೆ ತಿರುಗಾಟ ಹೆಚ್ಚುತ್ತದೆ ಎಂದು ಹೋದ ವರ್ಷ ಈ ಅಂಗಡಿಯಲ್ಲಿ ಕೂತು ನಾನು ಹೇಳಿದೆ. ಹೇಳಬಾರದಿತ್ತು. ಅಂಗಡಿಯವರು ನನ್ನ ಮೊಣಕಾಲನ್ನು ನೋಡಿ ಬೆಲೆ ಇಳಿಸಿ ಹೇಳಿದರು. ಅವರಿಗೆ ಇದರಿಂದ ಲಾಭವಾಗಿಲ್ಲ. ಕೆಳಗೆ ಸಹಿ, ತಾರೀಕು.

ಅಧಿಕಾರಿ ಓದಿದ. ಇನ್ನೊಮ್ಮೆ ಓದಿದ.

"ಇದು ಹೋದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ದಾರಿ ಇರಲ್ಲ ಮೇಡಂ."

"ಗೊತ್ತು. ಹೋಗೋ ಮೊದಲು ಈ ವಾರದ ಬೆಲೆ ಬರ್ಕೊಂಡು ಬಿಡ್ತೀನಿ. ನಿಜವಾದ್ದು."

ಬುಧವಾರದಿಂದ ಶುಕ್ರವಾರದವರೆಗೆ ಅವಳು ನಲವತ್ತೆರಡು ಅಂಗಡಿಗೂ ಮೂರು ಮೂರು ಸಲ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು. ಯಾರೂ ಅವಳ ಮುಖ ನೋಡಿ ಉತ್ತರ ಹೇಳಲಿಲ್ಲ. ಚೀಲ ನೋಡಿ, ಬುಟ್ಟಿ ನೋಡಿ ಹೇಳಿದರು. ಟ್ಯಾಬು ಮೇಲಿಂದ ಕೆಳಗಿನವರೆಗೆ ಕೆಂಪಾಯಿತು. ಕ್ಷೌರದಂಗಡಿಯವನು ತೊಂಬತ್ತು ಎಂದವನು ಕತ್ತರಿ ಕೆಳಗಿಟ್ಟು ಕನ್ನಡಿಯ ಕಡೆ ತಿರುಗಿ ನಿಂತ. ಮೂರನೆಯ ದಿನದ ಕೊನೆಗೆ ಅವಳು ಮೆಟ್ಟಿಲು ಹತ್ತಲಾರದೆ ಮಗಳು ಕೆಳಗಿಳಿದು ಬಂದು ಕೈಹಿಡಿದು ಕರೆದೊಯ್ದಳು. ವಿಷಯವೆಲ್ಲ ತಿಳಿದ ಮೇಲೂ ಮಗಳು ಬೈಯಲಿಲ್ಲ. ಬಿಸಿನೀರಿನ ಚೀಲ ತಂದು ಮೊಣಕಾಲ ಮೇಲಿಟ್ಟು, ನಾಳೆಯಿಂದ ಮಗುವಿನ ಬಾಟಲಿ ಮಾತ್ರ ನಿನ್ನ ಡ್ಯೂಟಿ ಎಂದಳು. ಅದನ್ನು ಹೇಳಿದ ರೀತಿಯಲ್ಲಿ ಬಾಡಿಗೆಯ ಚಿಂತೆಯೂ ಇತ್ತು. ಅಮ್ಮನಿಗೆ ಅದು ಕೇಳಿಸಿತು.

ಎರಡು ತಿಂಗಳು ಬಿಟ್ಟು ಪ್ರಾಂತ್ಯಗಳ ಪಟ್ಟಿ ತಿದ್ದುಪಡಿಯಾಗಿ ಬಂತು. ನಾಲ್ಕು ಇದ್ದಲ್ಲಿ ಹತ್ತೂವರೆ. ತುಟ್ಟಿಭತ್ಯೆಯ ಆದೇಶ ಇನ್ನೂ ಯಾವುದೋ ಮೇಜಿನ ಮೇಲಿದೆ ಎಂದು ಮಗಳ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ರೇಟಕ್ಕನ ಹೆಸರು ಕಚೇರಿಯ ಪಟ್ಟಿಯಲ್ಲಿ ಇರಲಿಲ್ಲ.

ಅದರ ಮುಂದಿನ ತಿಂಗಳ ಮೊದಲ ವಾರ ಅವಳು ಕೈಚೀಲ ಹಿಡಿದು ಪೇಟೆಬೀದಿಗೆ ಬಂದಳು. ದಿನಸಿಯವನು ಅಭ್ಯಾಸಬಲದಿಂದ ಗೋಣಿಚೀಲ ಮಡಚಿದ. ಅವಳು ಟ್ಯಾಬಿಲ್ಲದೆ ಬಂದದ್ದು ಕಂಡು ಅದನ್ನು ಕೈಯಲ್ಲೇ ಹಿಡಿದುಕೊಂಡ.

"ಎರಡನೇ ಚೀಲದ್ದು ಎರಡು ಕಿಲೋ ಕಟ್ಟಪ್ಪ. ರೇಟು ಹೇಳು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ವ್ಯಾಪಾರ. ನಿಮಗೆ ಏನು ರೇಟು ಅಕ್ಕ ಎಂದು ಶುರು ಮಾಡಿದವನು ಅವಳ ನೋಟ ಕಂಡು ಚೀಲದ ಕಡೆ ತಿರುಗಿ, ಹೋದ ತಿಂಗಳು ಅರವತ್ತಿತ್ತು, ಈಗ ಅರವತ್ತೆಂಟಾಗಿದೆ ಎಂದ. ಬೆಲೆ ಒಂದೇ ತಿಂಗಳಲ್ಲಿ ಹೀಗೆ ಹಾರಿತ್ತು. ಮೊದಲು ಬೆರಳು ಟ್ಯಾಬು ಹುಡುಕಿತು. ಆಮೇಲೆ ಪರ್ಸು ತೆಗೆಯಿತು.

ಅವನು ಅಕ್ಕಿ ತೂಗುತ್ತಿದ್ದಾಗ ಅವಳ ಜಾಗಕ್ಕೆ ಸೇರಿದ ಹೊಸಬ ಬಂದ. ಐವತ್ತರ ಗಂಡಸು, ಕಚ್ಚುವ ಹೊಸ ಚಪ್ಪಲಿ, ಬೆನ್ನೆಲ್ಲ ಬೆವರು. ಇದೇ ಅಂಗಡಿ ತಾನೇ ಎಂದು ಕೇಳಿ, ಎರಡನೆಯ ಚೀಲದ ಅಕ್ಕಿ, ಒಂದು ಕಿಲೋ ಎಂದ. ದಿನಸಿಯವನು ಅರವತ್ತೆಂಟು ಎಂದ. ಹೊಸಬ ಟ್ಯಾಬಿನಲ್ಲಿ ಒತ್ತಿದ, ಮನೆ ಕೆಂಪಾಯಿತು. ಅವನು ಒಂದು ಉಸಿರುಬಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಕಾಲಿನ ಚಪ್ಪಲಿ ಬಿಟ್ಟು ಹಿಮ್ಮಡಿ ನೋಡಿಕೊಂಡ. ಅಲ್ಲಿ ಬೊಕ್ಕೆ ಎದ್ದಿತ್ತು.

"ಇದಕ್ಕೆ ಇನ್ನೂ ಎರಡು ಸಲ ಬರ್ಬೇಕಲ್ಲಪ್ಪ" ಎಂದ, ಯಾರಿಗೂ ಅಲ್ಲ.

ದಿನಸಿಯವನ ಕೈ ತಕ್ಕಡಿಯ ಮೇಲೆ ನಿಂತಿತು. ಅವನ ಮುಖದಲ್ಲಿ ಕನಿಕರ ಹುಟ್ಟುವುದನ್ನು ರೇಟಕ್ಕ ಕಣ್ಣಾರೆ ಕಂಡಳು. ಅವನು ಬಾಯಿ ತೆರೆದ. ಅವಳು ಕೈಚೀಲವನ್ನು ಗಲ್ಲಾದ ಮೇಲೆ ಠಪ್ಪೆಂದು ಇಟ್ಟಳು.

ಅವನು ಬಾಯಿ ಮುಚ್ಚಿಕೊಂಡು, ಅಕ್ಕಿಯ ಪೊಟ್ಟಣಕ್ಕೆ ದಾರ ಸುತ್ತತೊಡಗಿದ.